ತಕ್ಕಡಿ ಏರಿದ ನಿದ್ದೆ

ಕೂಸಿನ ಮೈ ನೋಡಿ ತಾಯಿಗೆ ಬುದ್ಧಿ ಹೇಳುವ ಜನ ನಮ್ಮ ಓಣಿಯಲ್ಲಿ ಅವತ್ತೂ ಇದ್ದರು, ಇವತ್ತೂ ಇದ್ದಾರೆ. ನಾಳೆ ನನ್ನ ಹೆಣ ನೋಡೋಕೆ ಬಂದಾಗಲೂ "ಮೊಮ್ಮಗಳು ಯಾಕ ಸೊರಗ್ಯಾಳೆ?" ಅಂತ ಕೇಳಿಯೇ ಕೇಳ್ತಾರೆ. ಮೊನ್ನೆ ಒಬ್ಬಾಕೆ ನನ್ನ ಮರಿಮಗನ ಕೆನ್ನೆ ಹಿಂಡಿ, "ಮಧ್ಯಾಹ್ನ ಮಲಗಿಸ್ರಿ ಅಜ್ಜಿ, ಮೈ ಹಿಡೀತಾನೆ" ಅಂದಳು. ನಾನು ಸುಮ್ಮನಿರೋ ಪೈಕಿ ಅಲ್ಲ. "ಮಲಗೋರು ಯಾರು, ಮೈ ಹಿಡಿಯೋರು ಯಾರು ಅಂತ ನಾನು ತಕ್ಕಡಿ ಹಚ್ಚಿ ನೋಡೀನಿ ತಾಯಿ" ಅಂದೆ. ಆಕೆ ಪಿಳಿಪಿಳಿ ಕಣ್ಣು ಬಿಟ್ಟಳು. ಅದಕ್ಕೇ ಇದನ್ನ ಬರೀತಿದ್ದೀನಿ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದರೆ ತಿದ್ದಿಕೊಳ್ಳಿ; ನಡೆದದ್ದನ್ನ ತಿದ್ದೋಕೆ ಮಾತ್ರ ಬರಬೇಡಿ.

ಚೀಲಕ್ಕೆ ಒಂದು, ಹಸಿಗೆ ಅರ್ಧ

ಸೇರು, ಮಣ ಹೋಗಿ ಕೇಜಿ ಬಂದ ಹೊಸತು. ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮನೆಯ ಗಡಿಯಾರ ಅಂದರೆ ಮಿಲ್ಲಿನ ಕೂಗು, ಮನೆಯ ಕಾನೂನು ಅಂದರೆ ನಮ್ಮ ಅತ್ತೆ. ಅತ್ತೆಯದು ಒಂದೇ ವೇದ: "ಮಲಗಿದ ಕೂಸು ಬೆಳೀತೈತೆ, ಎದ್ದ ಕೂಸು ಒಣಗ್ತೈತೆ." ಮಧ್ಯಾಹ್ನ ಮಿಲ್ಲು ಕೂಗಿತು ಅಂದರೆ ಮಕ್ಕಳು ಚಾಪೆ ಮೇಲೆ ಬೀಳಬೇಕು. ಮತ್ತೆ ಕೂಗೋ ತನಕ ಏಳಬಾರದು.

ನನ್ನ ಮಗಳಿಗೆ ಆಗ ಆರು ವರ್ಷ. ಸಂಜೆ ದೀಪ ಹಚ್ಚೋ ಹೊತ್ತಿಗೆ ಬಾಯಲ್ಲಿ ತುತ್ತು ಇಟ್ಟುಕೊಂಡೇ ತೂಕಡಿಸೋಳು. ಬೆಳಗಿನ ಮಿಲ್ಲು ಕೂಗೋ ತನಕ ಕೊರಡಿನ ಹಂಗೆ ಬಿದ್ದಿರೋಳು. ಮಧ್ಯಾಹ್ನ ಮಾತ್ರ ಕಣ್ಣು ಮುಚ್ಚೇ ಅಂದರೆ ಜಂತಿ ಎಣಿಸೋಳು. ಮೈ ಅಂದರೆ ನುಗ್ಗೆಕಾಯಿ.

ಹರಿಹರಕ್ಕೆ ಕೊಟ್ಟಿದ್ದ ನನ್ನ ದೊಡ್ಡ ನಾದಿನಿಯ ಮಗ ಬೇಸಿಗೆ ರಜಕ್ಕೆ ನಮ್ಮಲ್ಲಿಗೆ ಬಂದಿದ್ದ. ಎಂಟು ವರ್ಷ, ಕೆನ್ನೆ ಎರಡೂ ಬನ್ನು. ರಾತ್ರಿ ಮನೆಯೆಲ್ಲ ಮಲಗಿದರೂ ಹೊರಳಾಡಿ ಹೊರಳಾಡಿ "ಕಥೆ ಹೇಳು, ನೀರು ಕೊಡು" ಅಂತ ಜೀವ ತಿನ್ನೋನು. ಅದೇ ಮಧ್ಯಾಹ್ನ "ಮಲಗೋ ನನ್ನಪ್ಪ" ಅಂತ ಅತ್ತೆ ಅಂದರೆ ಸಾಕು, ಗೊರಕೆ ಸಮೇತ ಬೀಳೋನು. "ನೋಡು ನಿದ್ದೆ, ನೋಡು ಮೈ! ತಾಯಿ ಸರಿ ಇದ್ರೆ ಮಕ್ಕಳು ಹಿಂಗ ಇರ್ತಾವೆ" ಅಂತ ಅತ್ತೆ ನನ್ನ ಕಡೆ ತಿರುಗೋರು.

ಒಂದಿನ ಎರಡೂ ಮಕ್ಕಳನ್ನ ಎಳೆದುಕೊಂಡು ಹತ್ತಿ ಮಂಡಿಗೇ ಹೋದರು, ತೂಗಿಸೋಕೆ. ನಾನೂ ಹಿಂದೆ ಹೋದೆ. ತೂಕದವನು ನನ್ನ ಮಗಳನ್ನ ತಕ್ಕಡಿಯಲ್ಲಿ ಕೂಡಿಸಿ, ಕಲ್ಲು ಇಟ್ಟು, ಹರಾಜು ಕೂಗೋ ದನಿಯಲ್ಲಿ ಕೂಗಿದ: "ಹದಿನಾರು! ಚೀಲಕ್ಕೆ ಒಂದು ಕಳೀರಿ, ಹಸಿಗೆ ಅರ್ಧ ಕಳೀರಿ, ಹದಿನಾಲ್ಕೂವರೆ!" ದಿನಾ ರೈತರ ಹತ್ತಿ ತೂಗಿ, ಚೀಲದ ಭಾರ, ಹತ್ತಿಯ ತೇವ ಕಳೆದು ಕಳೆದು ಅವನ ನಾಲಿಗೆ ಹಂಗೇ ತಿರುಗಿತ್ತು. ಅತ್ತೆ ಎದೆ ಬಡಿದುಕೊಂಡರು, "ಹದಿನಾಲ್ಕೂವರೆ! ಅಯ್ಯೋ ಶಿವನೇ!"

"ಅಲ್ಲಪ್ಪಾ, ನನ್ನ ಮಗಳು ಚೀಲದಾಗೆ ಬಂದಾಳಾ? ಹಸಿ ಎಲ್ಲೈತೆ ತೋರ್ಸು" ಅಂದೆ. ಅಷ್ಟರಲ್ಲಿ ಹುಡುಗನ್ನ ಕೂಡಿಸಿದ್ದ. "ಮೂವತ್ತು!" ಅಂದ. ಕಳೆಯೋ ಮಾತೇ ಇಲ್ಲ.

"ಅವನ ಚೀಲ ಎಲ್ಲಿ ಹೋತು? ಅವನ ಹಸಿ ಎಲ್ಲಿ ಹೋತು?" ಅಂತ ಗಂಟಲು ಹರಿಯೋ ಹಂಗೆ ಕೇಳಿದೆ.

ತೂಕದವನು ತಲೆ ಕೆರೆದುಕೊಂಡ. "ಅವ್ರು ಹರಿಹರದ ಸಾಹುಕಾರ್ರ ಮಗ ಅಂದ್ರಲ್ರಿ ಅಮ್ಮಾರು. ಸಾಹುಕಾರ್ರ ಮಾಲಿಗೆ ನಾವು ಕಳೆಯಂಗಿಲ್ರಿ."

ಡಾಕ್ಟ್ರಿಗೆ ತೋರಿಸಿದ ನಮೂನೆ

ಆ ಹದಿನಾಲ್ಕೂವರೆ ಅತ್ತೆಯ ತಲೆಯಿಂದ ಇಳೀಲೇ ಇಲ್ಲ. ಮನೆಗೆ ಬಂದವರೇ ತೀರ್ಪು ಕೊಟ್ಟರು: "ರಜ ಮುಗಿಯೋ ಹೊತ್ತಿಗೆ ಹುಡುಗನ ತುಲಾಭಾರ ಐತೆ ಹರಿಹರದಾಗೆ. ಅಷ್ಟರಾಗೆ ಇವಳಿಗೆ ಮೈ ಹತ್ತಲಿಲ್ಲ ಅಂದ್ರೆ ಅಲ್ಲೇ ನನ್ನ ಮಗಳ ಕೈಗೆ ಬಿಟ್ಟು ಬರೋದು. ನಿನಗೆ ಮಕ್ಕಳು ಸಾಕೋಕೆ ಬರಂಗಿಲ್ಲ."

ನನ್ನ ಯಜಮಾನರು ಅವರವ್ವನ ಮುಂದೆ ಉಸಿರೂ ಜೋರಾಗಿ ಬಿಡೋರಲ್ಲ. ಗೋಡೆ ನೋಡಿದರು. ನಾನು ಗೋಡೆ ನೋಡಲಿಲ್ಲ. "ನನ್ನ ಕೂಸು ಹತ್ತಿ ಅಂಡಿಗೆ ಅಲ್ಲ ಅತ್ತೆ, ಊರಿಂದ ಊರಿಗೆ ಸಾಗಿಸೋಕೆ" ಅಂದೆ. ಅವತ್ತು ಮಾತು ಅಲ್ಲಿಗೇ ನಿಂತಿತು. ಆದರೆ ರಾತ್ರಿ ಮಗಳ ಬೆನ್ನು ಸವರಿದಾಗ ಕೈಗೆ ಸಿಕ್ಕಿದ್ದು ಎಲುಬೇ. ನಾನೂ ಅಂಜಿ, ಕತ್ತಲಲ್ಲೇ ಒಂದೊಂದಾಗಿ ಎಣಿಸಿದೆ. ಅದನ್ನ ಅತ್ತೆಗೆ ತೋರಿಸಿದರೆ ನಾನು ನಾನೇ ಅಲ್ಲ.

ಮರುವಾರ ಡಾಕ್ಟ್ರ ಹತ್ತಿರ ಮೆರವಣಿಗೆ. ಹುಡುಗನ್ನೂ ಯಾಕೆ ಕರೆದುಕೊಂಡು ಬಂದರು ಅಂತೀರಿ? "ಇವಳು ಹಿಂಗ ಆಗಬೇಕ್ರೀ ಡಾಕ್ಟ್ರೇ" ಅಂತ ನಮೂನೆ ತೋರಿಸೋಕೆ! ಅಂಗಡಿಯಲ್ಲಿ ಸೀರೆ ಅಂಚು ತೋರಿಸಿ ಅಂಥದ್ದೇ ಕೊಡಿ ಅಂತೀವಲ್ಲ, ಹಂಗೆ.

ಡಾಕ್ಟ್ರು ನನ್ನ ಮಗಳ ಕಣ್ಣು, ನಾಲಿಗೆ, ಎದೆ ಎಲ್ಲ ನೋಡಿದರು. "ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾಳೆ?"

"ದೀಪ ಹಚ್ಚಿದ ಮ್ಯಾಲೆ ನಮ್ಮ ಕೈಗೆ ಸಿಗಂಗಿಲ್ರಿ. ಬೆಳಗಾಗೋ ತನಕ ಎಚ್ಚರ ಇಲ್ಲ" ಅಂದೆ.

"ಮತ್ತೇನಾಗಬೇಕು? ಗಟ್ಟಿ ಇದ್ದಾಳೆ. ಔಷಧಿ ಬೇಡ." ಆಮೇಲೆ ನಮೂನೆಯ ಕಡೆ ತಿರುಗಿ, ಅವನ ಕಣ್ಣಿನ ಕೆಳಗಿನ ಕಪ್ಪು ನೋಡಿ, "ಇವನು ನಿದ್ದೆ ಮಾಡ್ತಾನಾ? ನಿದ್ದೆ ಕೆಟ್ಟ ಮಕ್ಕಳಿಗೆ ಬಾಯಿ ಚಪಲ ಜಾಸ್ತಿ ಅಮ್ಮ. ಈ ಮೈ ನನಗೆ ಸರಿ ಕಾಣ್ತಿಲ್ಲ" ಅಂದುಬಿಟ್ಟರು.

ಅತ್ತೆ ಧಡಕ್ಕನೆ ಎದ್ದರು. ಹೊರಗೆ ಬಂದು ಬೀದಿಗೆಲ್ಲ ಕೇಳೋ ಹಂಗೆ ಅಂದರು, "ಮೈ ವಿಚಾರ ಆ ಡಾಕ್ಟ್ರಿಗೇನು ಗೊತ್ತು? ಅವನೇ ಊದುಕಡ್ಡಿ ಇದ್ದಂಗವ್ನೆ!"

ಡಾಕ್ಟ್ರು ಬರೆದುಕೊಡದಿದ್ದರೇನು, ತಾವೇ ಔಷಧಿ ಅಂಗಡಿಗೆ ಹೋಗಿ ಒಂದು ಬಾಟಲಿ ಟಾನಿಕ್ ತಂದರು. ನನ್ನ ಮಗಳು ಮೊದಲ ಚಮಚನೇ ಗೋಡೆಗೆ ಉಗಿದಳು. ದುಡ್ಡು ಕೊಟ್ಟು ತಂದದ್ದು ಚೆಲ್ಲಬಾರದು ಅಂತ ಅತ್ತೆಯೇ ಎರಡು ಹೊತ್ತೂ ಕುಡಿದರು. ಬಾಟಲಿ ಮುಗಿಯೋ ಹೊತ್ತಿಗೆ ಬಳೆಗಾರ ಬಂದ. ಅತ್ತೆಯ ಕೈ ಹಿಸುಕಿ ಹಿಸುಕಿ ಬೆವೆತು, "ಅಮ್ಮಾರೆ, ಈ ಸಲ ಒಂದು ಅಳತೆ ಮುಂದಕ್ಕೆ ಹೋಗ್ರಿ" ಅಂದ.

"ಟಾನಿಕ್ ಒಳ್ಳೇದೇ ಐತೆ ಬಿಡ್ರಿ ಅತ್ತೆ" ಅಂದೆ, "ಮನೆಯಾಗೆ ಒಬ್ಬರಿಗಾದ್ರೂ ಮೈ ಹತ್ತಿತು."

ದಿಂಬಿಗೆ ಜೋಗುಳ

ನಮ್ಮ ಹಿಂದಿನ ಓಣಿಯಲ್ಲಿ ಮಂಡಕ್ಕಿ ಭಟ್ಟಿ ಇತ್ತು. ಭಟ್ಟಿಯವರ ಮನೆಯಾಕೆಯನ್ನ ನಾವೆಲ್ಲ ಬೂಬಮ್ಮ ಅಂತಿದ್ದೆವು. ಮಂಡಕ್ಕಿ ಹುರಿಯೋ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಅದಕ್ಕೇ ನನಗೂ ಆಕೆಗೂ ಬಹಳ ಸ್ನೇಹ. ಒಂದಿನ ಹಿತ್ತಲ ಗೋಡೆ ಮೇಲಿಂದ ಕೇಳಿದಳು, "ಅಕ್ಕಾ, ನಿಮ್ಮನ್ಯಾಗೆ ಈ ವರ್ಷ ಕಡ್ಲೆಕಾಯಿ ಬಾಳ ಬಂದೈತೇನ್ರಿ? ಆ ದಪ್ಪ ಹುಡ್ಗ ದಿನಾ ಬೊಗಸೆ ತುಂಬ ಶೇಂಗಾ ಬೀಜ ಕೊಟ್ಟು ಬಿಸಿ ಮಂಡಕ್ಕಿ ಇಸ್ಕೊಂಡು ಹೋಗ್ತಾನೆ."

"ಯಾವಾಗ?"

"ಮಧ್ಯಾಹ್ನ. ಮಿಲ್ಲು ಕೂಗಿದ ಮ್ಯಾಲೆ."

"ಆಗ ಅವನು ಗೊರಕೆ ಹೊಡೀತಾ ಇರ್ತಾನಲ್ಲ ಬೂಬಮ್ಮ!"

"ಹಂಗಾದ್ರೆ ನಮ್ಮ ಭಟ್ಟಿಗೆ ಬರೋದು ಅವನ ನೆರಳೇನ್ರಿ? ಮಾಷಾಲ್ಲಾ, ನೆರಳೂ ಬಾಳ ತಿಂತೈತೆ ಬಿಡ್ರಿ!"

ನಾನು ಓಡಿದೆ ನಡುಮನೆಗೆ. ಬಾಗಿಲ ಸಂದಿಯಿಂದ ನೋಡ್ತೀನಿ: ಅತ್ತೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಅರೆನಿದ್ದೆಯಲ್ಲಿ ಜೋಗುಳ ಗುನುಗ್ತಾ ಕೌದಿ ಮೇಲೆ ತಟ್ಟುತ್ತಿದ್ದಾರೆ. ಕೌದಿ ಅಡಿಯಲ್ಲಿ ಉದ್ದಕ್ಕೆ ಎರಡು ಹತ್ತಿ ದಿಂಬು! ಪಕ್ಕದ ಚಾಪೆಯಲ್ಲಿ ನನ್ನ ಮಗಳು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, ತುಟಿ ಮೇಲೆ ಬೆರಳಿಟ್ಟು, "ಸುಮ್ನಿರು ಅವ್ವ" ಅಂತ ಸನ್ನೆ ಮಾಡಿದಳು. ಅವಳಿಗೆ ಮೊದಲಿಂದ ಗೊತ್ತಿತ್ತು! ಹೇಳದಿರೋಕೆ ದಿನಾ ಒಂದು ಹಿಡಿ ಮಂಡಕ್ಕಿ ಲಂಚ ಬೇರೆ.

ಸಂಜೆ ಬೂಬಮ್ಮನನ್ನೇ ಸಾಕ್ಷಿಗೆ ನಿಲ್ಲಿಸಿ ಎಲ್ಲ ಬಿಚ್ಚಿ ಹೇಳಿದೆ. ಅತ್ತೆ ನಂಬಿದರಾ? "ನಿಮಗೆಲ್ಲ ಹೊಟ್ಟೆಕಿಚ್ಚು. ದಿನಾ ನಾನೇ ಕೈಯಾರೆ ತಟ್ಟಿ ಮಲಗಿಸ್ತೀನಿ, ನನಗೆ ತಿಳಿಯಂಗಿಲ್ವಾ? ಮಲಗಿದಾಗ ನನ್ನಪ್ಪನ ಮೈ ಎಷ್ಟು ಮೆತ್ತಗಿರ್ತೈತೆ, ಹತ್ತಿ ಹತ್ತಿ!"

ಎರಡೂ ತಟ್ಟೆಯಲ್ಲಿ ಬೆಲ್ಲ

ರಜ ಮುಗಿಯೋಕೆ ಬಂತು. ಹರಿಹರಕ್ಕೆ ಹೊರಡೋ ದಿನ ಅತ್ತೆ ಚೀಲದಲ್ಲಿ ನನ್ನ ಮಗಳ ಎರಡು ಲಂಗ ಇಟ್ಟರು, ಅಲ್ಲೇ ಬಿಟ್ಟು ಬರೋಕೆ. ನಾನು ತೆಗೆದೆ. ಅವರು ಮತ್ತೆ ಇಟ್ಟರು. ನಾನು ಮತ್ತೆ ತೆಗೆದೆ. ಕೊನೆಗೆ ಆ ಚೀಲದಲ್ಲಿ ನನ್ನದೇ ಎರಡು ಸೀರೆ ತುರುಕಿ, "ಕೂಸು ಎಲ್ಲಿರ್ತೈತೋ ನಾನೂ ಅಲ್ಲೇ. ನಿಮ್ಮ ಮಗನಿಗೆ ನೀವೇ ರೊಟ್ಟಿ ಬಡೀರಿ" ಅಂದೆ. ಯಜಮಾನರು ಆ ವರ್ಷ ಮೊದಲ ಸಲ ಗೋಡೆ ಬಿಟ್ಟು ನನ್ನ ಮುಖ ನೋಡಿದರು.

ಹುಡುಗನ ತೂಕಕ್ಕೆ ಸಮ ಬೆಲ್ಲ ಕೊಡ್ತೀನಿ ಅಂತ ನಾದಿನಿ ದೇವರಿಗೆ ಹರಕೆ ಹೊತ್ತಿದ್ದಳು. ಭಾನುವಳ್ಳಿಯ ಬೀಗರು ಅಚ್ಚು ಬೆಲ್ಲ ಕಳಿಸಿದ್ದರು. ನಾವು ಹೋದ ಬೆಳಿಗ್ಗೆಯೇ ನಾದಿನಿ ತಮ್ಮ ಅಂಗಡಿ ತಕ್ಕಡಿಯಲ್ಲಿ ಮಗನ್ನ ಕೂಡಿಸಿ, ಎದುರಿಗೆ ಬೆಲ್ಲ ಇಟ್ಟು, ಮುಳ್ಳು ಸರಿಯಾಗಿ ನಡುವೆ ನಿಲ್ಲೋ ಹಂಗೆ ತೂಗಿದಳು. "ದೇವರ ಮುಂದೆ ಹೆಚ್ಚು ಕಮ್ಮಿ ಆಗಬಾರದು" ಅಂತ ಆ ಬೆಲ್ಲನೆಲ್ಲ ಉಗ್ರಾಣದಲ್ಲಿ ಇಟ್ಟಳು. ಮಧ್ಯಾಹ್ನ ಅಲ್ಲೂ ಅತ್ತೆಯ ಕಾನೂನೇ. ಮನೆಗೆ ಮನೆಯೇ ಮಲಗಿತು. ನಾನು ಒಬ್ಬಳೇ ಜಗಲಿಯಲ್ಲಿ ಹೂ ಕಟ್ಟುತ್ತಾ, ನಾಳೆ ಏನು ಜಗಳ ತೆಗೀಲಿ ಅಂತ ಲೆಕ್ಕ ಹಾಕ್ತಾ ಕೂತಿದ್ದೆ.

ಮರುದಿನ ದೇವಸ್ಥಾನ. ಬಂಧು ಬಳಗ ಎಲ್ಲ ಸೇರಿತ್ತು. ಹುಡುಗ ರೇಷ್ಮೆ ಅಂಗಿ ತೊಟ್ಟು ತಟ್ಟೆಯಲ್ಲಿ ಕೂತ. ಈ ಕಡೆ ಪೂಜಾರಪ್ಪ ಬೆಲ್ಲದ ಅಚ್ಚು ಒಂದೊಂದೇ ಏರಿಸಿದರು. ಪೂರ್ತಿ ಏರಿಸಿದರು. ಹುಡುಗನ ತಟ್ಟೆ ನೆಲ ಬಿಟ್ಟು ಕದಲಲಿಲ್ಲ. ಬೆಲ್ಲ ಮೇಲೆ ಜೋಲಿ ಹೊಡೀತಿದೆ.

"ನಿನ್ನೆ ತಾನೇ ಸಮ ಬಂದಿತ್ತು!" ಅಂತ ನಾದಿನಿ ಅಂದಳು. ಮುಖ ಬಿಳಚಿಕೊಂಡಿತ್ತು. ಹರಕೆ ಕೊರೆ ಬಿದ್ದರೆ ದೇವರು ಸಿಟ್ಟಾಗ್ತಾನೆ ಅಂತ ಯಾರೋ ಆಗಲೇ ಪಿಸುಗುಟ್ಟಿದರು.

ನಮ್ಮ ಅತ್ತೆ ಮಾತ್ರ ಅರಳಿಬಿಟ್ಟರು. ಎರಡೂ ಕೈ ಎತ್ತಿ, "ನೋಡ್ರಿ, ಎಲ್ಲಾರೂ ನೋಡ್ರಿ! ನಿನ್ನೆ ಮಧ್ಯಾಹ್ನ ನನ್ನಪ್ಪ ಮಿಸುಕಾಡದೆ ಮಲಗಿದ್ದ. ಒಂದೇ ನಿದ್ದೆಗೆ ಎಷ್ಟು ಮೈ ಹತ್ತೈತೆ!" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಈಗಾದ್ರೂ ಒಪ್ತೀಯಾ? ಹುಡುಗಿ ಇಲ್ಲೇ ಇರ್ಲಿ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಬಾಯಿ ತೆರೆಯೋದರೊಳಗೆ ನನ್ನ ಮಗಳು ನೆಲಕ್ಕೆ ಬಗ್ಗಿ, "ಅಜ್ಜೀ, ಇರುವೆ ಎಲ್ಲಾ ಬೆಲ್ಲ ಬಿಟ್ಟು ಅವನ ಕಡೆ ಯಾಕ ಹೊಂಟಾವೆ?" ಅಂದಳು.

ಎಲ್ಲರೂ ಬಗ್ಗಿದರು. ಹೌದು, ಇರುವೆ ಸಾಲು ಹುಡುಗನ ತಟ್ಟೆ ಹತ್ತಿ, ತೊಡೆ ಹತ್ತಿ, ಸೀದಾ ರೇಷ್ಮೆ ಅಂಗಿಯ ಜೇಬಿಗೆ ಇಳೀತಿದೆ. ಪೂಜಾರಪ್ಪ ಜೇಬಿಗೆ ಕೈ ಹಾಕಿದರೆ ಮುಷ್ಟಿ ತುಂಬ ಅಚ್ಚು ಬೆಲ್ಲದ ತುಂಡು! ಹುಡುಗನ ಬನ್ನಿನಂಥ ಕೆನ್ನೆ ನಡುಗಿತು. "ನಂಗೆ ನಿದ್ದೆನೇ ಬರಂಗಿಲ್ಲ ಅಜ್ಜಿ" ಅಂತ ಗೊಳೋ ಅಂದ. "ರಾತ್ರಿನೂ ಬರಂಗಿಲ್ಲ, ಹಗಲೂ ಬರಂಗಿಲ್ಲ. ಸುಮ್ನೆ ಬಿದ್ಕೊಂಡ್ರೆ ಹಸಿವಾಗ್ತೈತೆ. ಅದ್ಕೇ ದಿಂಬು ಇಟ್ಟು ಎದ್ದು ಹೋಗ್ತಿದ್ದೆ. ನಿನ್ನೆ ಉಗ್ರಾಣಕ್ಕೆ ಹೋಗಿದ್ದೆ."

ಪಾಪ, ಕೂಸು ನಿಜ ಹೇಳಿತ್ತು. ಊದುಕಡ್ಡಿ ಡಾಕ್ಟ್ರೂ ಅದನ್ನೇ ಹೇಳಿದ್ದು. ನಾನು ಅತ್ತೆಯ ಮುಖವನ್ನೇ ನೋಡ್ತಾ ನಿಂತೆ; ಅಂಥಾ ನೋಟ ಜನ್ಮಕ್ಕೆ ಒಂದೇ ಸಲ ಸಿಗೋದು.

ಪೂಜಾರಪ್ಪ ಜೇಬಿನ ತುಂಡು ತಂದು ಈ ಕಡೆ ತಟ್ಟೆಗೆ ಹಾಕಿದರು. ಮುಳ್ಳು ಸ್ವಲ್ಪ ಅಲ್ಲಾಡಿತು, ಆದರೂ ಸಮ ಬರಲಿಲ್ಲ. "ಹೆಂಗೆ ಬರ್ತೈತ್ರಿ ತಾಯಿ?" ಅಂದರು, "ಎರಡೂ ತಟ್ಟೆಯಾಗೂ ಬೆಲ್ಲನೇ ಕೂತೈತೆ."

"ಹಂಗಾದ್ರೆ ಹರಕೆ?" ಅಂತ ನಾದಿನಿ ಕಣ್ಣಲ್ಲಿ ನೀರು ತಂದಳು.

"ಗಾಬರಿ ಬ್ಯಾಡ. ಹುಡುಗನ್ನ ನಾಳೆ ಬೆಳಿಗ್ಗೆ ಚೊಂಬು ಕೊಟ್ಟು ಹೊಳೆ ಕಡೆ ಕಳಿಸಿ, ಆಮೇಲೆ ಕರ್ಕೊಂಡು ಬರ್ರಿ. ತಾನಾಗೇ ಸಮ ಆಗ್ತೈತೆ."

ದೇವಸ್ಥಾನ ಅನ್ನೋದನ್ನೂ ಮರೆತು ಜನ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಾದಿನಿ ಮೆಲ್ಲಗೆ ಕೇಳಿದಳು, "ಅವ್ವ, ಹುಡುಗಿನ ಬಿಟ್ಟು ಹೋಗ್ತೀಯಾ?" ನಾನು ಉತ್ತರ ಕೊಡೋಕೆ ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಅತ್ತೆ ನನಗೆ ಅವಕಾಶವೇ ಕೊಡಲಿಲ್ಲ. "ಬ್ಯಾಡ ಬಿಡು. ಹರಿಹರದ ನೀರು ಈ ಕೂಸಿಗೆ ಒಗ್ಗಂಗಿಲ್ಲ" ಅಂದರು.

"ನೀರಿಂದೇನೂ ತಪ್ಪಿಲ್ಲ ಬಿಡ್ರಿ ಅತ್ತೆ, ಪಾಪ" ಅಂದೆ. ಕೇಳಿಸಲಿಲ್ಲ ಅನ್ನೋ ಹಂಗೆ ಬಸ್ಸು ಹತ್ತಿದರು.

ಬಸ್ಸು ಊರು ದಾಟಿ ಹೊತ್ತು ಮುಳುಗಿದ್ದೇ ತಡ, ನನ್ನ ಮಗಳು ತೂಕಡಿಸೋಕೆ ಶುರು ಮಾಡಿದಳು. ಅತ್ತೆ ನನ್ನನ್ನೊಂದು ಮಾತೂ ಕೇಳದೆ ಅವಳನ್ನ ಎಳೆದು ತಮ್ಮ ತೊಡೆ ಮೇಲೆ ಮಲಗಿಸಿಕೊಂಡರು. ಮೈ ಮೇಲೆ ಕೈ ಇಟ್ಟು, ಇದು ದಿಂಬಲ್ಲ ತಾನೇ ಅಂತ ಎರಡು ಸಲ ಒತ್ತಿ ನೋಡಿದರು. ದಾವಣಗೆರೆ ಬರೋ ತನಕ ಕೈ ತೆಗೀಲಿಲ್ಲ. ಸೋತೆ ಅಂತ ಒಪ್ಪಿಕೊಂಡರಾ? ಅವರು ನನ್ನ ಅತ್ತೆ! ಇಳಿಯೋವಾಗ ಕೂಸನ್ನ ಹೆಗಲಿಗೆ ಹಾಕಿಕೊಂಡು ಅಂದದ್ದು ಒಂದೇ ಮಾತು:

"ಹೆಣ್ಣು ಮಕ್ಕಳು ಹಗುರ ಇದ್ರೇನೇ ಚೆಂದ. ನಾನು ಮೊದ್ಲಿಂದ ಅದನ್ನೇ ಹೇಳ್ತಿದ್ದೆ, ನೀನೇ ಕೇಳಲಿಲ್ಲ."