ಮಾವನಿಗೆ ಸಿಕ್ಕ ಅರ್ಧ ಗಂಟೆ

ನನ್ನ ಸೋದರಮಾವ ಬದುಕಿನಲ್ಲಿ ಒಂದೇ ಒಂದು ತಪ್ಪು ನಿರ್ಧಾರವನ್ನೂ ತೆಗೆದುಕೊಂಡವರಲ್ಲ. ನಿರ್ಧಾರ ಅಂತ ಒಂದು ತೆಗೆದುಕೊಂಡಿದ್ದರೆ ತಾನೇ ತಪ್ಪುವುದು!

ದೇವರಮನೆ ಗುಡ್ಡದ ಕೆಳಗೆ ಅವರದು ಆರೆಕರೆ ಕಾಫಿ ತೋಟ. ಪ್ರತಿ ವರ್ಷ ಹಣ್ಣಾದಾಗ ಮಾವನಿಗೆ ಸಂಕಟ ಶುರು. ಸಿಪ್ಪೆ ಬಿಡಿಸಿ ತೊಳೆದು ಪಾರ್ಚ್‌ಮೆಂಟ್ ಮಾಡುವುದೋ, ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡುವುದೋ? ಮೇಸ್ತ್ರಿ ದಿನಾ ಬೆಳಿಗ್ಗೆ ಬಂದು ಕೇಳುತ್ತಿದ್ದ. ದಿನಾ ಬೆಳಿಗ್ಗೆ ಮಾವ, "ನಾಳೆ ಹೇಳ್ತೆ" ಅನ್ನುತ್ತಿದ್ದರು. ಒಂದು ವರ್ಷ ಅವನು ಬಂದು, "ಗೌಡ್ರೇ, ಇನ್ನು ಯೋಚ್ನೆ ಬೇಡ. ಹಣ್ಣು ಗಿಡದಲ್ಲೇ ಒಣಗಿ ಚೆರಿ ಆಯ್ತು" ಅಂದ. ಮಾವನ ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ!

ಹೋಟೆಲಿಗೆ ಹೋದರೆ ಪಕ್ಕದ ಮೇಜಿನವರು ಏನು ತಿನ್ನುತ್ತಾರೋ ಅದೇ ಇವರಿಗೂ ಆಗಬೇಕು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಬರುವವರೆಗೂ ಕಾಯುವುದು. ಇನ್ನು ಮದುವೆಯ ವಿಷಯ. ಕಳಸದ ಕಡೆಯ ಒಂದು ಹುಡುಗಿಯನ್ನು ನೋಡಿ ಬಂದಿದ್ದರು. ಒಪ್ಪಿಗೆಯ ಕಾಗದ ಬರೆಯಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಆ ಹುಡುಗಿಯ ಲಗ್ನಪತ್ರಿಕೆ ಬಂತು. ಮಾವ ಹೋಗಿ ಊಟ ಮಾಡಿಯೇ ಬಂದರು. ಅಲ್ಲಿಯೂ ಹೋಳಿಗೆಗೆ ತುಪ್ಪವೋ ಕಾಯಿಹಾಲೋ ಎಂದು ಬಡಿಸುವವನನ್ನು ನಿಲ್ಲಿಸಿಕೊಂಡಿದ್ದರಂತೆ.

ಹೀಗೆ ಒಂಟಿಯಾಗಿಯೇ ಉಳಿದ ಮಾವನ ಬೇಕುಬೇಡಗಳನ್ನು ನೋಡಿಕೊಳ್ಳುತ್ತಿದ್ದವಳು ನಾನು. ಮೂಡಿಗೆರೆಯ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿ. ಎರಡನೆಯ ಸಲ ಯೋಚಿಸುವುದು ನನ್ನ ಜಾಯಮಾನದಲ್ಲೇ ಇಲ್ಲ ಎಂದು ಊರಿಗೆಲ್ಲ ಹೆಸರು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಒಂದು ಭಾನುವಾರ ಹೋದಾಗ ಮಾವ ಗೋಡೆಗೆ ಒರಗಿ ಕೂತಿದ್ದರು. ಹೊಟ್ಟೆ ಬಿಗಿದು ಉಬ್ಬಿತ್ತು, ಮುಖ ಬಿಳಿಚಿತ್ತು.

"ಎರಡು ದಿನ ಆಯ್ತು ಮಾರಾಯ್ತಿ, ಕಕ್ಕಸಿಗೇ ಹೋಗಿಲ್ಲ. ಕಷಾಯ ಕುಡಿಯೂದಾ, ಡಾಕ್ಟ್ರಿಗೆ ತೋರ್ಸೂದಾ ಅಂತ ಯೋಚ್ನೆ ಮಾಡ್ತಾ ಇದ್ದೆ."

ಜೀಪು ತರಿಸಿ ಹತ್ತಿಸಿದೆ. ಚಾರ್ಮಾಡಿ ಘಾಟಿ ಅರ್ಧ ಇಳಿದ ಮೇಲೂ ಮಾವ ನೋವಿನ ನಡುವೆಯೇ, "ಹಾಸನಕ್ಕೆ ಹೋಗ್ಬಹುದಿತ್ತಾ ಹೇಗೆ?" ಎಂದು ಕೇಳುತ್ತಿದ್ದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಸರ್ಜನ್, ಇನ್ನೂ ಚಿಕ್ಕ ವಯಸ್ಸಿನವರು, ನಮ್ಮಿಬ್ಬರಿಗೂ ಹೇಳಿದರು: "ದೊಡ್ಡ ಕರುಳು ತಿರುಚಿಕೊಂಡಿದೆ. ರಕ್ತ ಹೋಗದೆ ಕೊಳೆಯುವ ಮೊದಲು ಆಪರೇಷನ್ ಮಾಡಬೇಕು. ಎರಡು ದಾರಿ ಇದೆ."

ಮಾವನ ಮುಂದೆ ಆಡುವ ಮಾತೇ ಅದು?

"ಒಂದು ಕೀಹೋಲ್. ಸಣ್ಣ ತೂತುಗಳಲ್ಲಿ ಕ್ಯಾಮೆರಾ ಇಳಿಸಿ ಮಾಡುವುದು. ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ಆದರೆ ಹೊಟ್ಟೆ ಇಷ್ಟು ಉಬ್ಬಿರುವಾಗ ಒಳಗೆ ಜಾಗ ಸಿಗುವುದು ಕಷ್ಟ. ನಡುವೆ ಕೊಯ್ಯಬೇಕಾಗಿಯೂ ಬರಬಹುದು. ಇನ್ನೊಂದು, ಮೊದಲೇ ಹೊಟ್ಟೆ ಕೊಯ್ಯುವುದು. ಗಾಯ ದೊಡ್ಡದು, ಮಾಯಲು ಹೆಚ್ಚು ದಿನ ಬೇಕು. ಆದರೆ ಎಲ್ಲ ಕಣ್ಣಿಗೆ ಕಾಣುತ್ತದೆ. ನಮ್ಮ ಸೀನಿಯರ್ ಕೀಹೋಲ್ ಪ್ರಯತ್ನಿಸಬಹುದು ಅಂತಾರೆ. ಅರ್ಧ ಗಂಟೆಯಲ್ಲಿ ಹೇಳಿ."

ಒಪ್ಪಿಗೆಯ ಫಾರಂ ನನ್ನ ಕೈಗೆ ಬಂತು. ಅರವತ್ತೈದರ ಮೈಗೆ ಅಷ್ಟು ದೊಡ್ಡ ಗಾಯ ತಡೆದೀತೇ? ತೂತಿನಲ್ಲಿ ಹೊತ್ತು ಕಳೆದು ಕರುಳು ಕೊಳೆತರೆ? ಅಣ್ಣನಿಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಕೀಹೋಲ್ ಎಂದು ಹೇಳಲು ಎರಡು ಸಲ ಡಾಕ್ಟರ ಬಾಗಿಲವರೆಗೂ ಹೋಗಿ, ಎರಡು ಸಲವೂ ವಾಪಸು ಬಂದೆ. ಇಡೀ ಶಾಲೆಯನ್ನು ಆಳುವವಳಿಗೆ ಒಂದು ಸೈನು ಹಾಕಲಾಗಲಿಲ್ಲ.

ಸ್ಟ್ರೆಚರಿನ ಮೇಲಿಂದ ಮಾವ ಡಾಕ್ಟರನ್ನು ಕರೆಸಿದರು.

"ಡಾಕ್ಟ್ರೇ, ಇಂಥ ಹೊಟ್ಟೆನ ನೀವು ಯಾವ ಥರ ಹೆಚ್ಚು ಮಾಡಿದೀರಿ?"

"ಕೊಯ್ದು," ಅಂದರು ಅವರು, ಮುಚ್ಚುಮರೆ ಇಲ್ಲದೆ.

"ಹಾಗಾದ್ರೆ ಕೊಯ್ರಿ. ಆ ಫಾರಂ ಇತ್ಲಾಗೆ ಕೊಡೇ."

ಫಾರಂ ಅವರ ಕೈಗೆ ಕೊಟ್ಟೆ. ಮಾವ ಪೆನ್ನು ಹಿಡಿದರು. ಆಮೇಲೆ ನರ್ಸಿನ ಮುಖ ನೋಡಿ, "ಸೈನು ಕನ್ನಡದಲ್ಲಿ ಹಾಕೂದಾ, ಇಂಗ್ಲಿಷಲ್ಲಾ?" ಎಂದು ಕೇಳಿ ಯೋಚನೆಗೆ ಬಿದ್ದರು. ಅವಳೇ ಬೆರಳಿಟ್ಟು, "ಕನ್ನಡ" ಅಂದಳು.

ಒಳಗೆ ಒಂದು ಮೊಳ ಕರುಳು ಕಪ್ಪಾಗಿತ್ತಂತೆ. ಅದನ್ನು ತೆಗೆದು, ಉಳಿದದ್ದರ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಹೋಗಲು ಅಲ್ಲೊಂದು ಚೀಲ ಕಟ್ಟಿದರು. ಮೂರು ತಿಂಗಳ ನಂತರ ಮತ್ತೆ ಜೋಡಿಸುವುದಾಗಿ ಹೇಳಿದರು, ಜೋಡಿಸಿದರು ಕೂಡ. ಮಾವ ಆಮೇಲೆ ಬಹಳ ವರ್ಷ ಬದುಕಿದರು.

ಆ ಚೀಲದ ದಿನಗಳಲ್ಲೊಮ್ಮೆ ಅದನ್ನು ಬದಲಾಯಿಸುತ್ತಾ ಕೇಳಿದೆ. "ಮಾವ, ಅವತ್ತು ಅಷ್ಟು ಬೇಗ ಹೆಂಗೆ ಹೇಳಿದ್ರಿ?"

ಮಾವ ಮಾಡಿನ ಕಡೆ ನೋಡುತ್ತಾ ಮಲಗಿದ್ದರು.

"ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದ್ಯಲ್ಲೇ. ನೀನು ಹೇಳಿ, ನಾನು ಸತ್ತಿದ್ರೆ? ಇನ್ನೊಂದನ್ನೇ ಹೇಳ್ಬೇಕಿತ್ತು ಅಂತ ಜೀವಮಾನ ಪೂರ್ತಿ ಕೊರಗ್ತಾ ಕೂತಿರ್ತಿದ್ದೆ ನೀನು. ಅದು ಎಂಥ ಕಷ್ಟ ಅಂತ ನಂಗೆ ಗೊತ್ತು ಮಾರಾಯ್ತಿ. ತಪ್ಪಾದ್ರೆ ನಂದೇ ಆಗ್ಲಿ ಅನ್ಸ್ತು."

ಹೊಸ ಚೀಲದ ಅಂಚನ್ನು ಒತ್ತಿ ಕೂರಿಸಿದೆ. ಅದು ಅಂಟಿಕೊಂಡಾಗಿತ್ತು. ಆದರೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.