ಸುಯುನ್ ಬೆನ್ನು ಗೀರಿದವರು ಯಾರು?

ಹೆಂಡತಿಯ ಬೆನ್ನು ಗೀರುವ ಹಕ್ಕು ಗಂಡನದು. ಇದರಲ್ಲಿ ಜಿನ್‌ಫಾನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಜಿಯಾಯಿ ಊರಿನ ಮಾರುಕಟ್ಟೆಯಲ್ಲಿ ಹಂದಿಮಾಂಸ ಮಾರುವ ಅವನು, ಮೈಕೈ ಹಿಡಿದುಕೊಂಡಿತೆಂದು ಸುಯುನ್ ನರಳಿದಾಗಲೆಲ್ಲ ಅವಳ ಬೆನ್ನಿಗೆ ಎಣ್ಣೆ ಸವರಿ, ಎಮ್ಮೆಕೊಂಬಿನ ಬಿಲ್ಲೆಯಿಂದ ಕೆಂಪು ಗೆರೆ ಏಳುವವರೆಗೆ ಗೀರುತ್ತ ಬಂದವನು. (ಅವಳು ಚೀರುತ್ತಿದ್ದಳು. ನೋವು ಹೋಗುವಾಗ ಸದ್ದು ಮಾಡಿಯೇ ಹೋಗಬೇಕೆಂಬುದು ಅವನ ವೈದ್ಯಶಾಸ್ತ್ರ.)

ಈಚೆಗೆ ಅವಳು ನರಳುವುದನ್ನೇ ಬಿಟ್ಟಿದ್ದಳು. ಮೇಲಿನ ಗೂಡಿನ ಪಾತ್ರೆಯನ್ನು ಸಲೀಸಾಗಿ ಕೈಯೆತ್ತಿ ಇಳಿಸುತ್ತಿದ್ದಳು. ಹೆಂಡತಿ ವಿನಾಕಾರಣ ಸುಖವಾಗಿದ್ದರೆ ಯಾವ ಗಂಡ ಸುಮ್ಮನಿದ್ದಾನು? ಒಂದು ಮಧ್ಯಾಹ್ನ ಅವಳು ಬೆವರಿದ ಅಂಗಿ ಬದಲಿಸುವಾಗ ಕಂಡೇಬಿಟ್ಟಿತು: ಬೆನ್ನ ತುಂಬ ಹೊಸ ಗೆರೆ.

"ಯಾರು ಗೀರಿದ್ದು?"

"ಗೀರೋಕೆ ಬರೋರು."

"ನನಗೆ ಬರಲ್ವಾ?"

"ನಿಮಗೆ ಹಂದಿ ಚರ್ಮದ ಕೂದಲು ಕೆರೆಯೋಕೆ ಬರುತ್ತೆ ಕಣ್ರೀ."

ಕತ್ತಿ ಹಿಡಿಯುವವನಿಗೆ ಕೈ ಓಡಿದ ದಾರಿ ತಿಳಿಯುತ್ತದೆ. ಗೆರೆಗಳೆಲ್ಲ ಅವನು ಎಳೆಯುತ್ತಿದ್ದ ಗೆರೆಗಳಿಗೆ ಉಲ್ಟಾ ವಾಲಿದ್ದವು. ಎಡಗೈ. ಮಾರುಕಟ್ಟೆಯಲ್ಲಿ ಎಡಚನೊಬ್ಬನೇ: ಎದುರಂಗಡಿಯ ಮೀನಿನ ವೆನ್‌ಬಿನ್, ಹೆಂಡತಿ ಸತ್ತವನು. ಎಡಗೈಲಿ ಊಟದ ಕಡ್ಡಿ ಹಿಡಿದರೆ ಗೆಣ್ಣಿಗೆ ಏಟು ಬೀಳುತ್ತಿದ್ದ ಕಾಲದಲ್ಲಿ ಬೆಳೆದೂ ತಿದ್ದಿಕೊಳ್ಳದವನು ಯಾವುದಕ್ಕೆ ಹೇಸಿಯಾನು?

ಜಿನ್‌ಫಾ ಬಿರುಗಾಳಿಯಂತೆ ದಾರಿ ದಾಟಿದ. "ನನ್ನ ಹೆಂಡ್ತಿ ಬೆನ್ನು ಮುಟ್ಟಿದೋನು ನೀನೇ ತಾನೆ?"

ಸುತ್ತಲಿನ ತಕ್ಕಡಿಗಳೆಲ್ಲ ನಿಂತವು. ವೆನ್‌ಬಿನ್ ಮೀನಿನ ಹುರುಪೆ ತೆಗೆಯುತ್ತಲೇ ಇದ್ದ. "ಅಣ್ಣ, ಮೀನಿನ ಬೆನ್ನು ಬಿಟ್ಟು ನಾನು ಇನ್ಯಾರ ಬೆನ್ನೂ ಮುಟ್ಟಿಲ್ಲ. ಅದೂ ತೂಕ ಹಾಕಿದ ಮೇಲೆ."

ಅಷ್ಟರಲ್ಲಿ ಹಿಂದಿನಿಂದ ಜಿನ್‌ಫಾನ ಕಿವಿ ಯಾರದೋ ಮುಷ್ಟಿಗೆ ಸಿಕ್ಕಿತು. ಅವನ ಅಮ್ಮ. ಹಿಂದೆಯೇ ಸುಯುನ್.

"ಗೀರಿದ್ದು ನಾನು ಕಣೋ."

"ಆದ್ರೆ ನೀನು ಬಲಗೈಯವಳಲ್ವೇನಮ್ಮ?"

"ಉಣ್ಣೋಕೆ ಮಾತ್ರ. ಅದು ನಮ್ಮಪ್ಪ ಹೊಡೆದು ಕಲಿಸಿದ್ದು. ಚಿಕ್ಕವನಿದ್ದಾಗ ನಿನಗೆ ಯಾವ ಕೆನ್ನೆಗೆ ಬೀಳ್ತಿತ್ತು, ನೆನಪು ಮಾಡ್ಕೋ."

ಜಿನ್‌ಫಾನ ಕೈ ತಾನಾಗಿ ಬಲಗೆನ್ನೆಗೆ ಹೋಯಿತು.

"ದಿನಾ ಮಾಂಸದ ಮೇಲಿನ ಬಿಳಿ ಪೊರೆ ಸುಲೀತೀಯಲ್ಲ, ಮನುಷ್ಯರಿಗೂ ಅದಿದೆ," ಎಂದಳು ಅಮ್ಮ. "ನೆತ್ತಿಯಿಂದ ಅಂಗಾಲಿನವರೆಗೆ ಚರ್ಮದೊಳಗೆ ಇನ್ನೊಂದು ಅಂಗಿ ತೊಟ್ಟ ಹಾಗೆ. ಇಲ್ಲಿ ಬಿಗಿದ್ರೆ ಅಲ್ಲಿ ಎಳೆಯುತ್ತೆ, ಕೈ ಮೇಲೇಳಲ್ಲ. ಮೆತ್ತಗೆ ಜಾರಿಸಿದ್ರೆ ಸಡಿಲ ಆಗುತ್ತೆ. ನೀನು ಅದನ್ನ ಸುಲಿಯೋಕೇ ಹೋಗ್ತೀಯ."

"ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹೀಗೆ ಕೂಗಾಡ್ತೀರಿ ಅಂತ," ಎಂದಳು ಸುಯುನ್.

ಕೂಗಾಡಿಯಾಗಿತ್ತು. ಇಡೀ ಮಾರುಕಟ್ಟೆಯ ಮುಂದೆ ಯಾರ ಮಾನ ಕಳೆದೆವೋ ಅವರಿಗೆ ಹಂದಿಕಾಲಿನ ಶ್ಯಾವಿಗೆ ಉಣ್ಣಿಸಿ ತಪ್ಪೊಪ್ಪಿಕೊಳ್ಳುವುದು ಅಲ್ಲಿನ ಪದ್ಧತಿ. ಜಿನ್‌ಫಾ ಹಲ್ಲು ಕಚ್ಚಿ ಅದಕ್ಕೂ ಒಪ್ಪಿಕೊಂಡ. ಆಮೇಲೆ ಹೆಂಡತಿಯತ್ತ ತಿರುಗಿ, "ಇನ್ಮೇಲೆ ಮೆತ್ತಗೆ ಗೀರ್ತೀನಿ. ಬಿಲ್ಲೆ ನಂಗೇ ಕೊಡು," ಎಂದ.

"ಮೊದಲು ಕಲೀರಿ. ನನ್ನ ಬೆನ್ನ ಮೇಲಂತೂ ಬೇಡ."

"ಮತ್ತೆ ಯಾರ ಮೇಲೆ?"

ಸುತ್ತ ನಿಂತವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ವೆನ್‌ಬಿನ್ ಮಾತ್ರ ಕತ್ತಿ ಕೆಳಗಿಟ್ಟು ಕೈ ತೊಳೆದುಕೊಂಡ. "ಶ್ಯಾವಿಗೆ ಬೇಡ ಅಣ್ಣ. ಇಡೀ ದಿನ ಬಗ್ಗಿ ಬಗ್ಗಿ ನನ್ನ ಬೆನ್ನು ಹಲಗೆ ಆಗಿದೆ."

ಈಗ ಅಂಗಡಿ ಮುಚ್ಚಿದ ಮೇಲೆ ಜಿನ್‌ಫಾ ಎಣ್ಣೆ ಹಿಡಿದು ಎದುರಂಗಡಿಗೆ ಹೋಗುತ್ತಾನೆ. ಅಮ್ಮ, ಸುಯುನ್ ಮಣೆ ಹಾಕಿಕೊಂಡು ಪರೀಕ್ಷಕರಂತೆ ಕೂರುತ್ತಾರೆ. ಬಿಲ್ಲೆ ತುಸು ಒತ್ತಿದರೆ "ಮೆತ್ತಗೆ" ಎಂದು ಇಬ್ಬರೂ ಗದರುತ್ತಾರೆ. ಯಾರ ಕೈ ಮುರಿಯಲು ಹೋಗಿದ್ದನೋ ಆ ಮೀನಿನಂಗಡಿಯವನು ಬೋರಲು ಮಲಗಿ, ಕಣ್ಣು ಮುಚ್ಚಿ, "ಇನ್ನೂ ಸ್ವಲ್ಪ ಕೆಳಗೆ, ಅಣ್ಣ," ಎನ್ನುತ್ತಾನೆ.