ಹರಿಹರದ ಕೈಗುಣ

ಮನುಷ್ಯನಿಗೆ ವಿದ್ಯೆ ಇಲ್ಲದಿದ್ದರೆ ಕಲಿಯಬಹುದು, ಅಂಗಿ ಇಲ್ಲದಿದ್ದರೆ ಹೊಲಿಸಬಹುದು. ಕೈಗುಣ ಇಲ್ಲದಿದ್ದರೆ ಮಾತ್ರ ಏನೂ ಮಾಡುವಂತಿಲ್ಲ. ನನಗೆ ಅದು ಇಲ್ಲವೆಂಬುದು ಮದುವೆಯಾದ ಹೊಸತರಲ್ಲೇ ನಮ್ಮ ಮನೆಯಲ್ಲಿ ತೀರ್ಮಾನವಾಗಿಹೋಯಿತು. ನಾನು ನೆಟ್ಟ ಗುಲಾಬಿ ಕಡ್ಡಿ ಕೊನೆಯವರೆಗೂ ಕಡ್ಡಿಯಾಗಿಯೇ ಉಳಿಯಿತು. ಕಿತ್ತು ಬಿಸಾಡಿದಲ್ಲೇ ಬೇರು ಬಿಡುವ ದೊಡ್ಡಪತ್ರೆ ಕೂಡ ನನ್ನ ಕೈಯಲ್ಲಿ ಪ್ರಾಣ ಬಿಟ್ಟಾಗ ನನ್ನ ಹೆಂಡತಿ ಗೌರಮ್ಮ, “ಇನ್ನು ಹಿತ್ತಲಿಗೆ ಹೋಗಾದಿದ್ರೆ ಕೈ ಕಟ್ಕೊಂಡು ಹೋಗ್ರಿ” ಎಂದಳು. ದಾವಣಗೆರೆಯ ಬಟ್ಟೆ ಗಿರಣಿಯ ಆಫೀಸಿನಲ್ಲಿ ನನ್ನ ಕೈಬರಹವನ್ನು ಹೊಗಳದವರಿರಲಿಲ್ಲ. ಅದೇ ಕೈ ಮಣ್ಣಿಗೆ ಬಿದ್ದರೆ ಯಾಕೆ ಹೀಗೆ ಎಂದು ಕೇಳಿದರೆ, “ಅಕ್ಷರಕ್ಕೆ ಬೇರು ಬೇಕೇನ್ರಿ?” ಎನ್ನುತ್ತಿದ್ದಳು. ಕೈಗುಣವೆಂಬುದೆಲ್ಲ ಸುಳ್ಳು, ಬೀಜ ಮೊಳೆಯುವುದು ನೀರು ಬಿಸಿಲುಗಳಿಂದ ಎಂದು ನಾನು ಊಟಕ್ಕೆ ಕೂತಾಗಲೆಲ್ಲ ವಾದಿಸುತ್ತಿದ್ದೆ. ಅವಳು ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು.

ಆಗ ನಾವು ಆನೆಕೊಂಡದ ಕಡೆ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮನೆ ಚಿಕ್ಕದು, ಹಿತ್ತಲು ದೊಡ್ಡದು. ಪ್ರತಿವರ್ಷ ಶಿವರಾತ್ರಿ ಕಳೆದ ಮೇಲೆ ಗೌರಮ್ಮನ ಅಕ್ಕ ಹರಿಹರದಿಂದ ಬಂದು, ಹೀರೆ, ಸೋರೆ, ಸೌತೆ ಎಲ್ಲವನ್ನೂ ತಮ್ಮ ಕೈಯಾರೆ ಊರಿ ಹೋಗುತ್ತಿದ್ದರು. ಅಕ್ಕನ ಕೈ ತಾಗಿದರೆ ಒನಕೆಯೂ ಚಿಗುರುತ್ತದೆಂದು ಆ ಮನೆತನದ ನಂಬಿಕೆ. ಈ ಪ್ರಸಂಗದ ಹಿಂದಿನ ವರ್ಷ ಅವರು ಬರುವುದು ತಡವಾಯಿತೆಂದು ನಾನೇ ಮುಂದಾಗಿ ಹೀರೆ ಬೀಜ ಹಾಕಿದ್ದೆ. ಒಂದೂ ಏಳಲಿಲ್ಲ. ಪಕ್ಕದ ಮನೆಯ ಕೋಳಿಗಳು ಕೆದರಿ ತಿಂದವೆಂಬುದು ನನ್ನ ವಾದ. ಆದರೆ ಕೋಳಿಗಳನ್ನು ಯಾರೂ ವಿಚಾರಿಸಲಿಲ್ಲ.

ಅದು ಅಂಗಡಿಯ ಬೀಜವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದು ಗೌರಮ್ಮನ ತವರು ಕುಕ್ಕುವಾಡದ ಹೀರೆ. ಅವಳ ಅವ್ವ ವರ್ಷ ವರ್ಷ ಒಳ್ಳೆಯ ಕಾಯಿಯನ್ನು ಬಳ್ಳಿಯಲ್ಲೇ ಒಣಗಿಸಿ, ಬೀಜ ತೆಗೆದು, ಸಗಣಿಯಲ್ಲಿ ಸೇರಿಸಿ ಬಿಲ್ಲೆ ತಟ್ಟಿ ಗೋಡೆಗೆ ಅಂಟಿಸಿ ಕಾಪಾಡಿಕೊಂಡು ಬಂದ ತಳಿ. ಅವ್ವ ತೀರಿಕೊಂಡಿದ್ದರು. ಹರಿಹರದ ಅಕ್ಕನ ಬಳಿ ಇದ್ದ ಬೀಜ ಮಳೆಗಾಲದಲ್ಲಿ ಹಿತ್ತಲಿಗೆ ನುಗ್ಗಿದ ಹೊಳೆಯ ಪಾಲಾಗಿತ್ತು. ಉಳಿದದ್ದು ನಮ್ಮ ಗೋಡೆಯ ಮೇಲಿನ ಒಂದೇ ಒಂದು ಬಿಲ್ಲೆ. ಈ ಸಲವೂ ಏಳದಿದ್ದರೆ ಅವ್ವನ ಹೀರೆ ಎಂಬುದು ಇನ್ನಿರುವುದಿಲ್ಲ. ಗೌರಮ್ಮ ಆ ಬಿಲ್ಲೆಯನ್ನು ನೋಡುತ್ತ ನಿಲ್ಲುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಅಂಥ ಹೊತ್ತಿಗೇ ಸರಿಯಾಗಿ ಅಕ್ಕ ಬರುವಂತಿಲ್ಲವೆಂದು ಸುದ್ದಿ ಬಂತು. ಮಗಳ ಬಾಣಂತನ, ಮನೆ ಬಿಟ್ಟು ಕದಲುವಂತಿಲ್ಲ. “ಹಂಗಾದ್ರೆ ನಾನೇ...” ಎಂದು ಬಾಯಿ ತೆರೆದೆ. “ಬ್ಯಾಡ್ರಿ, ನಿಮಗೆ ಕೈ ಮುಗೀತೀನಿ” ಎಂದಳು. ಕೊನೆಗೆ ಅಕ್ಕ ಬೀಜದ ಹತ್ತಿರ ಬರಲಾಗದಿದ್ದರೆ ಬೀಜವೇ ಅಕ್ಕನ ಹತ್ತಿರ ಹೋಗಬೇಕು, ಅಲ್ಲಿ ಮುತ್ತುಗದೆಲೆಯ ದೊನ್ನೆಗಳಲ್ಲಿ ಸಸಿ ಎಬ್ಬಿಸಿ ತರಬೇಕು ಎಂದಾಯಿತು. ಹರಿಹರದ ಮಣ್ಣಿನಲ್ಲಿ ಹುಟ್ಟಿದ ಸಸಿ ನಮ್ಮ ಹಿತ್ತಲಿಗೆ ಒಗ್ಗುವುದಿಲ್ಲವೆಂದು ಗೌರಮ್ಮ ಒಂದು ಬುಟ್ಟಿ ಮಣ್ಣನ್ನೂ ನನ್ನ ತಲೆಗೆ ಕಟ್ಟಿದಳು.

ರೈಲಿನಲ್ಲಿ ಎದುರು ಕೂತ ಹಿರಿಯರು ಬುಟ್ಟಿಯ ಬಟ್ಟೆ ಸರಿಸಿ ನೋಡಿದರು. “ಏನ್ರಿ ಇದು?” “ಮಣ್ಣು.” “ಎಲ್ಲಿಗೆ?” “ಹರಿಹರಕ್ಕೆ.” ಅವರು ಬಟ್ಟೆ ಮುಚ್ಚಿ, “ಯಾಕ, ಅಲ್ಲಿ ಮಣ್ಣು ತೀರೈತೇನು?” ಎಂದರು. ಡಬ್ಬಿಯೆಲ್ಲ ನಕ್ಕಿತು. ನಾನು ಕಿಟಕಿಯ ಆಚೆ ನೋಡತೊಡಗಿದೆ. ಇಂಜಿನ್ನಿನ ಕಲ್ಲಿದ್ದಲ ಕಣ ಕಣ್ಣಿಗೆ ಬಿದ್ದು ನೀರು ಬಂತು. ಅಳುತ್ತಿದ್ದಾನೆಂದುಕೊಂಡು ಆ ಹಿರಿಯರು ಆಮೇಲೆ ಏನೂ ಕೇಳಲಿಲ್ಲ.

ಹರಿಹರದ ಮನೆಯಲ್ಲಿ ಅಕ್ಕ ಕಾಲು ಚಾಚಿ ಕೂತು, ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದರು. ಮೊಣಕೈವರೆಗೂ ಎಣ್ಣೆ. ಬಂದ ಕಾರ್ಯ ಹೇಳಿದೆ. “ಎಣ್ಣೆ ಕೈಲಿ ಬೀಜ ಮುಟ್ಟಬಾರ್ದು. ಇದರ ನೀರಾಗಿ, ಬಾಣಂತಿ ನೀರಾಗಿ, ನನಗೆ ಬಿಡುವಾಗಾದು ಯಾವಾಗೋ. ನೀವೇ ಊರ್ರಿ, ನಾನು ನೋಡ್ತಿರ್ತೀನಿ” ಎಂದರು. “ಅಕ್ಕಾರೇ, ನನ್ನ ಕೈ ವಿಚಾರ ನಿಮಗೆ ಗೊತ್ತೈತಲ್ಲ” ಎಂದೆ. “ಗೊತ್ತೈತಿ. ಚೂಪು ತುದಿ ಕೆಳಗಿರ್ಲಿ, ಆಳ ಹಾಕ್ಬ್ಯಾಡ್ರಿ.” ಬಿಲ್ಲೆ ಮುರಿದು, ಬೀಜ ನೀರಿಗೆ ಹಾಕಿ, ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ಆರಿಸಿ, ಮಣ್ಣು ತುಂಬಿದ ದೊನ್ನೆಗಳಲ್ಲಿ ಒಂದೊಂದಾಗಿ ಊರಿದೆ. ಪ್ರತಿ ಬೀಜದ ತುದಿಯನ್ನೂ ಅಕ್ಕನಿಗೆ ತೋರಿಸಿಯೇ ಮಣ್ಣಿಗಿಟ್ಟೆ. ಅಕ್ಕ ಕೂಸಿನ ಮೂಗು ನೀವುತ್ತ, “ಗೌರಿಗೆ ಈಗ್ಲೇ ಹೇಳ್ಬ್ಯಾಡ್ರಿ, ಸುಮ್ನೆ ಎದೆ ಹೊಡ್ಕೊಳ್ತಾಳೆ” ಎಂದರು.

ಸಸಿಗಳು ಎದ್ದವು. ಮುಂದಿನ ವಾರ ಮತ್ತೆ ಹೋಗಿ ಅವನ್ನು ಕೂಸಿಗಿಂತ ಜೋಪಾನವಾಗಿ ತಂದೆ. ಗೌರಮ್ಮ ದೊನ್ನೆಸಮೇತ ಪಾತಿಯಲ್ಲಿಟ್ಟಳು. ಬಳ್ಳಿ ಚಪ್ಪರ ಹತ್ತಿತು, ಹಳದಿ ಹೂವು ಬಿಟ್ಟಿತು. “ನೋಡಿದ್ರಾ ಅಕ್ಕನ ಕೈ” ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ನಾನು ಗುಟ್ಟು ಬಿಡಲಿಲ್ಲ. ಹೇಳಿದರೆ ಬಳ್ಳಿಗೆ ಕೇಳಿಸಿ ಅದು ಒಣಗೀತೆಂಬ ಭಯ. ಎಳೆಗಾಯಿ ಕಂಡಾಗ ತೋರುಬೆರಳು ತೋರಿಸಿದರೆ ಕೊಳೆಯುತ್ತದಲ್ಲ, ನಾನು ಬೆರಳು ಮಡಿಚಿಕೊಂಡು ಗದ್ದದಿಂದ ತೋರಿಸುತ್ತಿದ್ದೆ.

ಬೀಜಕ್ಕೆಂದು ಬಿಟ್ಟ ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಿಲಗಿಲ ಎಂದ ದಿನ ಇನ್ನು ತಡೆಯಲಾಗಲಿಲ್ಲ. “ಇದನ್ನ ಊರಿದ್ದು ನಾನು ಕಣೇ” ಎಂದು ಎಲ್ಲವನ್ನೂ ಹೇಳಿಬಿಟ್ಟೆ. ನಗುತ್ತಾಳೆ, ಇಲ್ಲವೆ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಒಣಕಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, “ಹಂಗಂದ್ರೆ ಅವ್ವಗೆ ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅಂದಂಗಾತು” ಎಂದಳು.

ಪಕ್ಕದ ಮನೆಯ ಜೈನಾಬಿಯವರು, ಆ ಕೋಳಿಗಳ ಯಜಮಾನಿ, ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಅಣ್ಣಾರೇ, ನಿಮ್ಮ ಕೈ ಇಷ್ಟು ಚಲೋ ಐತೆ ಅಂತ ಗೊತ್ತೇ ಇರ್ಲಿಲ್ಲ. ನಮ್ಮ ಹಿತ್ತಲಿಗೂ ಒಂದೀಟು ಹಾಕಿ ಕೊಡ್ರಿ, ನಮ್ಮ ಅಮ್ಮೀಜಾನ್ ಕಾಲದ ಕುಂಬಳ” ಎಂದು ಗೋಡೆಯ ಮೇಲಿಂದ ಕೈ ಚಾಚಿ ನನ್ನ ಅಂಗೈಗೆ ಬೀಜ ಸುರಿದರು. ಇಷ್ಟು ವರ್ಷ ನಾನು ಕಾದಿದ್ದ ಗಳಿಗೆ ಅದು. ಬೀಜ ಊರುವುದು ನೀರು ಬಿಸಿಲುಗಳ ವ್ಯವಹಾರವೆಂದು ಅಷ್ಟು ವಾದಿಸಿದವನು, ಅಂಗೈ ಬೆವರಿ ಬೀಜ ಅಂಟಿಕೊಳ್ಳುತ್ತಿದ್ದಂತೆ ಗೌರಮ್ಮನ ಕಡೆ ತಿರುಗಿ, ಹರಿಹರಕ್ಕೆ ಮುಂದಿನ ರೈಲು ಎಷ್ಟು ಹೊತ್ತಿಗೆ ಎಂದು ಮೆಲ್ಲಗೆ ಕೇಳಿದೆ.